ಮಾವಶಿಯ ಕಾಲಡಿಯ ಬಳಚು

ನಮ್ಮ ಮೊಮ್ಮಗಳು ನಡೆದಳು! ಇಂದು ಬೆಳಿಗ್ಗೆ ಯಾರ ಕೈಯನ್ನೂ ಹಿಡಿಯದೆ ತುಳಸಿಕಟ್ಟೆಯಿಂದ ನನ್ನ ತನಕ ನಡೆದೇ ಬಂದಳು. ಅವಳ ವಾರಿಗೆಯ ಮಕ್ಕಳೆಲ್ಲ ಓಡಾಡುತ್ತಿರುವಾಗ ಇವಳು ಮಾತ್ರ ಕುಳಿತಲ್ಲೇ ಜಾರಿಕೊಂಡು ಮನೆಯೆಲ್ಲ ತಿರುಗುತ್ತಿದ್ದಳು. "ಇನ್ನೂ ನಡೂದಿಲ್ವೇ?" ಎಂದು ಓಣಿಯವರು ಕೇಳಿ ಕೇಳಿ ಸೊಸೆಯ ಮುಖ ಸಣ್ಣದಾಗಿತ್ತು. ಇಂದು ನಾನು ಕೂಗಿದ ಕೂಗಿಗೆ ಆಚೆಮನೆಯವರು ಯಾರೋ ಬಾವಿಗೆ ಬಿದ್ದರೆಂದು ಓಡಿಬಂದರು. ಎಲ್ಲರ ಕೈಗೂ ಬೆಲ್ಲದ ಚೂರು ಕೊಟ್ಟು ಕಳಿಸಿದೆ. ಸಂತೋಷ ಎದೆಯಲ್ಲಿ ಹಿಡಿಸುತ್ತಿಲ್ಲ, ಅದಕ್ಕೇ ಬರೆಯಲು ಕುಳಿತಿದ್ದೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ತಪ್ಪಿದ್ದರೆ ಓದುವವರೇ ಸರಿಮಾಡಿಕೊಳ್ಳಬೇಕು.

ಆದರೆ ಆ ಸಂತೋಷದ ನಡುವೆಯೇ ಒಂದು ಗಳಿಗೆ ನನ್ನ ಮೈ ಜುಮ್ಮೆಂದಿತು. ಗೋಡೆ ಗಿಲಾವಿಗೆಂದು ಮಗ ತರಿಸಿದ ಹೊಳೆಯ ಮರಳು ಅಂಗಳದಲ್ಲಿ ಹರಡಿ ಬಿದ್ದಿದೆ. ಮಳೆಗೆ ನೆನೆದು ಅದರಿಂದ ಉಪ್ಪು, ರಾಡಿ, ಒಡೆದ ಚಿಪ್ಪಿನ ವಾಸನೆ ಏಳುತ್ತಿತ್ತು. ಮಗು ನಡೆಯುತ್ತ ಅದರ ಮೇಲೆ ಕಾಲಿಟ್ಟಳು. ವಾಲಿದಳು. ಬೀಳಬಾರದೆಂದು ಕಾಲಿನ ಬೆರಳನ್ನೆಲ್ಲ ಮಡಚಿ ಮರಳನ್ನು ಗಟ್ಟಿಯಾಗಿ ಹಿಡಿದಳು. ಹಾಗೆ ಬೆರಳಿನಲ್ಲಿ ನೆಲ ಹಿಡಿಯುವವರನ್ನು ನಾನು ಒಬ್ಬರನ್ನೇ ಕಂಡಿದ್ದೆ...

ನಮ್ಮ ಬೇಲಿಯಾಚೆಯ ಮಾವಶಿ. ಚಿಕ್ಕಮ್ಮ ಎಂದು ಹಾಗೆ ಕರೆದರೂ ಸಂಬಂಧದಲ್ಲಿ ನನಗೆ ಏನೂ ಆಗಬೇಕಿಲ್ಲ, ಕೇರಿಗೆಲ್ಲ ಅವರು ಮಾವಶಿಯೇ. ಗಂಡ ತೀರಿಕೊಂಡ ಮೇಲೆ ನಮ್ಮೂರು ಚಿತ್ತಾಕುಲದಲ್ಲಿದ್ದ ಅಣ್ಣನ ಮನೆಗೆ ಬಂದು ನಿಂತವರು. ಸಮುದ್ರ ಸೇರುವ ಕಾಳಿ ಹೊಳೆಯ ನೀರು ಇಳಿತಕ್ಕೆ ಬಿದ್ದಾಗ ಹೆಂಗಸರು ಬಳಚು ಹೆಕ್ಕಲು ಹೋಗುತ್ತಿದ್ದರು. ಬಳಚು ಅಂದರೆ ರಾಡಿಯಲ್ಲಿ ಹುದುಗಿರುವ ಚಿಪ್ಪಿನ ಮೀನು. ಮಾವಶಿ ಎಲ್ಲರಿಗಿಂತ ಮುಂದೆ. ಅವರು ನಿಂತ ಕಡೆ ಬಳಚು ಇದೆಯೆಂದೇ ಅರ್ಥ, ಉಳಿದವರು ಅವರ ಹಿಂದೆ.

ನಾನು ಹಾರವಾಡದವಳು. ಸಮುದ್ರ ಗೊತ್ತು, ಬಲೆ ಗೊತ್ತು, ಹೊಳೆ ಗೊತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಸೊಂಟದ ತನಕ ನೀರಿನಲ್ಲಿ ನಿಂತು ಕೈಯಿಂದ ರಾಡಿ ಬಗೆಯುತ್ತಿದ್ದೆ. ಮಾವಶಿ ನಕ್ಕರು.

"ಕೈ ಎಂತಕ್ಕೆ ಗೇ? ಕಾಲಿಂದ ಹುಡುಕು. ಕೋಣ ತುಳದಂಗೆ ತುಳೀಬೇಡ. ಮೆಲ್ಲಗೆ, ಕಾಲಿಂದ ಕೇಳು."

"ಕಾಲಿಂದ ಎಂತ ಕೇಳೂದು ಮಾವಶಿ?"

"ಅತ್ತೆ ಮಾತು ಕೇಳ್ತಿಯಲ್ಲ, ಅದ್ಕಿಂತ ಸ್ವಲ್ಪ ಜಾಸ್ತಿ ಕೇಳಿರೆ ಸಾಕು!"

ಪಕ್ಕದಲ್ಲೇ ನಿಂತಿದ್ದ ನನ್ನ ಅತ್ತೆಯೂ ನಕ್ಕುಬಿಟ್ಟರು. ಆಮೇಲೆ ಕಲಿತೆ. ಪಾದವನ್ನು ರಾಡಿಯೊಳಗೆ ಇಳಿಸಿ ಹಿಮ್ಮಡಿಯನ್ನು ಅತ್ತಿತ್ತ ತಿರುವಬೇಕು. ಗಟ್ಟಿಯಾದದ್ದು ಬೆರಳಿನ ಬುಡಕ್ಕೆ ತಾಗಿದರೆ ಮಡಚಿ ಹಿಡಿದು ಮೇಲೆತ್ತಬೇಕು. ಕಲ್ಲೋ, ಖಾಲಿ ಚಿಪ್ಪೋ, ಜೀವ ಇರುವ ಬಳಚೋ, ಮಾವಶಿಯ ಹೆಬ್ಬೆರಳಿಗೆ ತಾಗಿದ ಕೂಡಲೇ ಗೊತ್ತಾಗುತ್ತಿತ್ತು.

ಹೊಳೆಯ ಕಾಲಿಗೆ ಬರುವ ಕಷ್ಟಗಳನ್ನೂ ಅವರೇ ಹೇಳಿಕೊಟ್ಟರು. ಉಪ್ಪುನೀರಿನಲ್ಲಿ ನಿಂತು ನಿಂತು ಬೆರಳಿನ ಸಂದಿಯಲ್ಲಿ ಚರ್ಮ ಬೆಳ್ಳಗಾಗಿ ಕೊಳೆಯುತ್ತದೆ. ಮನೆಗೆ ಬಂದವಳೇ ಸಿಹಿನೀರಿನಲ್ಲಿ ತೊಳೆದು, ಹಳೆಯ ಸೀರೆಯ ತುಂಡಿನಿಂದ ಒಂದೊಂದೇ ಸಂದಿ ಒರಸಬೇಕು, ಅಲ್ಲಿಗೆ ಎಣ್ಣೆ ಸುರಿಯಬಾರದು. ಹಿಮ್ಮಡಿ ಒಡೆದರೆ ಉಗುರುಬೆಚ್ಚನೆಯ ನೀರಿನಲ್ಲಿ ಕಾಲು ನೆನೆಸಿ, ಒರಸಿ, ಮುರುಗಲ ಬೀಜದಿಂದ ತೆಗೆದ ತುಪ್ಪ ತುಂಬಬೇಕು. ಮೀನು ಮಾರಲು ಹೋಗುವ ಹೆಂಗಸೊಬ್ಬಳು ಪಾದದ ಆಣಿಯನ್ನು ಬ್ಲೇಡಿನಿಂದ ಕೆತ್ತಿಕೊಳ್ಳುವಾಗ ಮಾವಶಿ ಅವಳ ಕೈಯಿಂದ ಬ್ಲೇಡು ಕಿತ್ತುಕೊಂಡಿದ್ದರು. "ಆಣಿ ಬಂದದ್ದು ನಿನ್ ಬಿಗಿ ಚಪ್ಪಲಿಂದ. ಕೊಯ್ಯೂದಾದ್ರೆ ಚಪ್ಪಲಿ ಕೊಯ್ಯೇ!"

ಆಮೇಲೆ ಯಾವಾಗಲೋ ಅವರ ಬುಟ್ಟಿ ಹಗುರವಾಗುತ್ತ ಬಂತು. ಮಾವಶಿಗೆ ಸಕ್ಕರೆ ಕಾಯಿಲೆ ಇತ್ತು. ನೆನಪಾದ ದಿನ ಗುಳಿಗೆ, ಇಲ್ಲದಿದ್ದರೆ ಇಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇದೆಯೆಂದು ನಮಗೆ ಯಾರಿಗೂ ಹೊಳೆಯಲಿಲ್ಲ.

"ಬಳಚು ಮುಗೀತು ಗೇ," ಎನ್ನುತ್ತಿದ್ದರು. "ಮರಳು ತೆಗೆಯೋರು ಅದ್ರ ಮನೇನೇ ಕಿತ್ತು ಹಾಕ್ದ್ರು. ಈ ಹೊಳೇಲಿ ಇನ್ನೆಂತದೂ ಇಲ್ಲ."

ಅವರು ಹೇಳಿದ ಮೇಲೆ ಮುಗಿಯಿತು, ಎಲ್ಲರೂ ನಂಬಿದರು. ಕೆಲವರು ಬರುವುದನ್ನೇ ಬಿಟ್ಟರು. ನನ್ನ ಬುಟ್ಟಿಗೆ ಮಾತ್ರ ಮೊದಲಿನಷ್ಟೇ ಬೀಳುತ್ತಿತ್ತು. ನನ್ನ ಪುಣ್ಯ ಎಂದುಕೊಂಡೆ. ಮಾವಿನಹಣ್ಣಿನ ದಿನಗಳಲ್ಲಿ ಇಬ್ಬರೂ ಅಂಕೋಲೆಗೆ ಹೋಗಿದ್ದೆವು. ಪೇಟೆಯಲ್ಲಿ ನಡೆಯುತ್ತಿರುವಾಗ ನೋಡಿದರೆ ಮಾವಶಿಯ ಒಂದು ಚಪ್ಪಲಿ ಇಲ್ಲ! ಬಹಳ ಹಿಂದೆ, ಹಣ್ಣಿನವಳ ಬುಟ್ಟಿಯ ಎದುರು ಬಿದ್ದಿತ್ತು. ಕಾದ ಡಾಂಬರಿನ ಮೇಲೆ ಬರಿಗಾಲಿನಲ್ಲಿ ಅಷ್ಟು ದೂರ ಬಂದಿದ್ದರು.

"ಚಪ್ಪಲಿ ಮುನಿಸ್ಕೊಂಡು ಹಿಂದೆ ಉಳೀತು ಮಾವಶಿ," ಎಂದೆ. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು... ಈಗ ಆ ನಗು ನೆನಪಾದರೆ ಹೆದರಿಕೆಯಾಗುತ್ತದೆ.

ಒಂದು ಬೆಳಿಗ್ಗೆ ಹೊಳೆಯಲ್ಲಿ ಒಬ್ಬರಿಗೊಬ್ಬರು ತಾಗುವಷ್ಟು ಹತ್ತಿರ ನಿಂತಿದ್ದೆವು. ಮಾವಶಿ ಹಿಮ್ಮಡಿ ತಿರುವುತ್ತಿದ್ದರು, ಇಲ್ಲ ಎಂಬಂತೆ ತಲೆಯಾಡಿಸುತ್ತಿದ್ದರು. ನನ್ನ ಕಾಲು ಜಾರಿ ಅವರ ಪಾದದ ಅಂಚಿಗೆ ಹೋಯಿತು. ಅಲ್ಲಿ, ಅವರ ಪಾದದ ಅಡಿಯಲ್ಲೇ, ದೊಡ್ಡದೊಂದು ಬಳಚು! ಅವರು ಅದರ ಮೇಲೇ ನಿಂತಿದ್ದರು. ಬೆರಳಿನಲ್ಲಿ ಕಚ್ಚಿ ತೆಗೆದೆ. ಪಕ್ಕದಲ್ಲಿ ಇನ್ನೊಂದು. ಅದರಾಚೆ ಇನ್ನೊಂದು.

"ನನ್ ಕಾಲಡಿದೇ ಕದಿತ್ಯೇನೇ ಕಳ್ಳಿ?" ಎಂದು ಮಾವಶಿ ನಕ್ಕರು. ಉಳಿದ ಹೆಂಗಸರೂ ನಕ್ಕರು. ಆಮೇಲೆ ಮಾವಶಿಯ ನಗು ನಿಂತಿತು. ನನ್ನ ಕೈಯಲ್ಲಿದ್ದ ಬಳಚನ್ನು ನೋಡಿದರು, ನೀರನ್ನು ನೋಡಿದರು. ದಂಡೆಯ ಕಡೆ ಹೊರಟರು. ಅವರು ಹತ್ತಿದ ಕಲ್ಲಿನ ಮೇಲೆಲ್ಲ ಕೆಂಪು ಹೆಜ್ಜೆ ಮೂಡುತ್ತ ಹೋಯಿತು. ಓಡಿಹೋಗಿ ಕಾಲೆತ್ತಿ ನೋಡಿದೆ, ಒಡೆದ ಚಿಪ್ಪಿನ ಚೂರೊಂದು ಅಂಗಾಲಿನಲ್ಲಿ ಆಳಕ್ಕೆ ನಾಟಿತ್ತು.

"ಎಂತ ನೋಡ್ತೆ ಗೇ?" ಎಂದು ಕೇಳಿದರು. ಅವರಿಗೆ ಗೊತ್ತೇ ಇರಲಿಲ್ಲ.

ಕಾರವಾರದ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಗಾಯ ತೊಳೆದು ಕಟ್ಟಿದ ಮೇಲೆ ಡಾಕ್ಟರು ಬಲೆಯ ದಾರದಂಥ ಒಂದು ನಾಯ್ಲಾನ್ ಎಳೆ ತೆಗೆದರು. "ಕಣ್ಣು ಮುಚ್ಕೊಳಿ ಅಮ್ಮ. ಪಾದಕ್ಕೆ ಇದು ತಾಗಿದ ಕೂಡ್ಲೆ ಹಾಂ ಅನ್ನಿ."

ಮಾವಶಿ ಕಣ್ಣು ಮುಚ್ಚಿದರು. ಡಾಕ್ಟರು ಹೆಬ್ಬೆರಳಿಗೆ ಮುಟ್ಟಿಸಿದರು, ಸದ್ದಿಲ್ಲ. ಹಿಮ್ಮಡಿಗೆ ಮುಟ್ಟಿಸಿದರು, ಸದ್ದಿಲ್ಲ. ಡಾಕ್ಟರು ಕೈ ಹಿಂದಕ್ಕೆ ತೆಗೆದು ಸುಮ್ಮನೆ ನಿಂತಾಗ ಮಾವಶಿ "ಹಾಂ" ಎಂದರು. ಸ್ವಲ್ಪ ಬಿಟ್ಟು ಮತ್ತೆ, "ಹಾಂ."

"ಅಮ್ಮ, ನಾನು ಮುಟ್ಟೇ ಇಲ್ಲ," ಎಂದರು ಡಾಕ್ಟರು, ಬಹಳ ಮೆಲ್ಲಗೆ.

ಸಕ್ಕರೆ ಏರಿ ಏರಿ ಕಾಲಿನ ನರ ಸತ್ತಿದೆ, ನೋವು ಗೊತ್ತಾಗದ ಕಾಲನ್ನು ಕಣ್ಣಿನಿಂದಲೇ ಕಾಯಬೇಕು ಎಂದು ಬಿಡಿಸಿ ಹೇಳಿದರು. ದಿನಾ ಅಂಗಾಲು ನೋಡಬೇಕು. ಮನೆಯೊಳಗೂ ಬರಿಗಾಲು ಬೇಡ. ಚಪ್ಪಲಿ ಹಾಕುವ ಮೊದಲು ಒಳಗೆ ಕೈಯಾಡಿಸಿ ಕಲ್ಲು ಇದೆಯೋ ನೋಡಬೇಕು. ಬಿಸಿನೀರನ್ನು ಮೊದಲು ಮೊಣಕೈಯಿಂದ ಮುಟ್ಟಿ ನೋಡಬೇಕು. ಗುಳಿಗೆ ತಪ್ಪಿಸಬಾರದು. ಹೊಳೆಗೆ ಇಳಿಯಲೇಬಾರದು.

ಬಸ್ಸಿನಲ್ಲಿ ಬರುವಾಗ ಸೇತುವೆಯ ಮೇಲಿಂದ ಹೊಳೆ ಕಂಡಿತು. ಮಾವಶಿ ಕೇಳಿದರು, "ಹಂಗಾರೆ ಹೊಳೇಲಿ ಬಳಚು ಅದೆ?"

"ಅದೆ ಮಾವಶಿ."

"ಇಷ್ಟ್ ದಿವ್ಸಾನೂ ಇತ್ತು?"

ನಾನು ಹೂಂಗುಟ್ಟಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಾಲಿಗಾಗಿ ಅಳದವರು, ಅದಕ್ಕೆ ಅತ್ತರು.

ಸಂಜೆ ಸಂಜೆ ನಾನೇ ಹೋಗಿ ಅಂಗಾಲು ನೋಡುತ್ತಿದ್ದೆ. ಗಾಯ ಒಣಗಿತು. ಹೊಳೆಯ ಮಾತೆತ್ತುವುದನ್ನು ಬಿಟ್ಟರು, ಬುದ್ಧಿ ಬಂತು ಎಂದುಕೊಂಡೆವು. ಹಬ್ಬಕ್ಕೆಂದು ನಾನು ಹಾರವಾಡದ ತವರಿಗೆ ಹೋಗಿದ್ದಾಗ ಅವರು ಇಳಿತ ನೋಡಿ ಒಬ್ಬರೇ ಹೊಳೆಗೆ ಇಳಿದರಂತೆ. ಬಳಚು ಸಿಕ್ಕಿತೋ ಇಲ್ಲವೋ, ಕೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ. ನಾನು ಮರಳಿ ಬರುವಷ್ಟರಲ್ಲಿ ಪಾದ ಊದಿ ಕಪ್ಪಾಗಿತ್ತು, ಕೋಣೆಯ ತುಂಬ ವಾಸನೆ. ಮೊದಲು ಬೆರಳು ತೆಗೆದರು. ಆಮೇಲೆ ಮೊಣಕಾಲಿನ ಕೆಳಗೆ...

ಅದಾದ ಮೇಲಿನದ್ದು ನನ್ನನ್ನು ಬಿಡುವುದಿಲ್ಲ. ಮಾವಶಿಯನ್ನು ಜಗಲಿಯ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಅಲ್ಲಿಂದ ಹೊಳೆ ಕಾಣದು, ಆದರೆ ನೀರು ಇಳಿಯುವ ಹೊತ್ತು ಅವರಿಗೆ ತಪ್ಪುತ್ತಿರಲಿಲ್ಲ. ಒಂದು ದಿನ ನನ್ನ ಮಣಿಕಟ್ಟು ಹಿಡಿದರು.

"ತಾಗ್ತದೆ ಗೇ."

"ಎಂತ ಮಾವಶಿ?"

"ಹೆಬ್ಬೆರಳ ಬುಡದಲ್ಲಿ. ದೊಡ್ಡದು. ತೆಗಿ, ಬೇಗ ತೆಗಿ, ನೀರು ಏರ್ತದೆ."

ಬೆಂಚಿನ ಕೆಳಗೆ ಆ ಕಡೆ ಏನೂ ಇರಲಿಲ್ಲ. ಸೀರೆಯ ಅಂಚು ಗಾಳಿಗೆ ಆಡುತ್ತಿತ್ತು. ಇರುವಾಗ ಚಿಪ್ಪು ನಾಟಿದರೂ ತಿಳಿಯದ ಕಾಲು, ಇಲ್ಲದ ಮೇಲೆ ಬಳಚು ಹುಡುಕಿಕೊಟ್ಟಿತ್ತು. ಕಾಲು ಕಳೆದುಕೊಂಡವರಿಗೆ ಹಾಗೆ ಅನ್ನಿಸುವುದುಂಟು ಎಂದು ಡಾಕ್ಟರು ಆಮೇಲೆ ಹೇಳಿದರು. ಆಗ ನನಗೇನು ಗೊತ್ತು? ನಾನು ನೆಲಕ್ಕೆ ಕುಳಿತೆ. ಅವರ ಪಾದ ಇರಬೇಕಾಗಿದ್ದಲ್ಲಿ ಕೈ ಚಾಚಿ, ಗಾಳಿಯಿಂದ ಎತ್ತಿ, ಅವರ ಮಡಿಲಿಗೆ ಹಾಕಿದೆ.

"ಸಿಕ್ತೇ?"

"ಸಿಕ್ತು ಮಾವಶಿ."

"ಜೀವ ಅದ್ಯಾ?"

"ಅದೆ."

ಅವರ ಮುಖದಲ್ಲಿ ಆಗ ಮೂಡಿದ ಬೆಳಕು... ಅದನ್ನು ಬರೆಯಲು ನನಗೆ ಬಾರದು. ಬೇಸಿಗೆ ಮುಗಿಯುವ ತನಕ ಇಳಿತಕ್ಕೆ ಸರಿಯಾಗಿ ಹೋಗಿ ಅವರ ಕಾಲಡಿಯ ಬಳಚು ಹೆಕ್ಕಿ ಕೊಟ್ಟೆ. ಮಳೆ ಹಿಡಿಯುವ ಮೊದಲೇ ಹೋದರು. ಈಗಲೂ ಕೆಲವು ಸಲ ಬೇಲಿಯಾಚೆಯಿಂದ "ತಾಗ್ತದೆ ಗೇ" ಎಂದಂತಾಗಿ ತಿರುಗಿ ನೋಡುತ್ತೇನೆ. ಆ ಜಾಗದಲ್ಲಿ ಬೇರೆಯವರು ಹೊಸ ಮನೆ ಕಟ್ಟಿದ್ದಾರೆ, ಜಗಲಿಯೇ ಇಲ್ಲ.

ಈಗ ನನಗೂ ಸಕ್ಕರೆ ಕಾಯಿಲೆ. ಗುಳಿಗೆ ತಪ್ಪಿಸುವುದಿಲ್ಲ, ಮನೆಯೊಳಗೂ ಮೆತ್ತನೆಯ ಚಪ್ಪಲಿ. ಸೊಸೆ ದಿನಾ ನನ್ನ ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡುತ್ತಾಳೆ. ಕಾಲ್ಬೆರಳಿನ ತುದಿಯಲ್ಲಿ ಇರುವೆ ಹರಿದಂತಾದರೂ ನನ್ನ ಕಾಲಿನ ನರವೂ ಸಾಯುತ್ತಿದೆಯೇನೋ ಎಂದು ಜೀವ ಹಾರುತ್ತದೆ. ಅದನ್ನು ಯಾರಿಗೂ ಹೇಳಿಲ್ಲ, ಇಲ್ಲೇ ಮೊದಲು ಬರೆಯುತ್ತಿದ್ದೇನೆ.

ಇಂದು ಸಂಜೆ ಸುದ್ದಿ ಕೇಳಿ ಅಂಕೋಲೆಯಿಂದ ಮಗಳೂ ಅಳಿಯನೂ ಬಂದರು. ಸೊಸೆ ಬಂಗಡೆ ಸಾರು, ಅಕ್ಕಿ ಪಾಯಸ ಮಾಡಿದ್ದಳು. ಮೇಜು ಸಾಲದೆ ಎಲ್ಲರೂ ನೆಲಕ್ಕೇ ಕುಳಿತೆವು. ನಾನು ಚಪ್ಪಲಿ ಬಿಟ್ಟು, ಗೋಡೆಗೆ ಒರಗಿ ಕಾಲು ಚಾಚಿದೆ. ಮೊಮ್ಮಗಳು ಒಬ್ಬೊಬ್ಬರ ತಟ್ಟೆಯ ಹತ್ತಿರವೂ ನಡೆದು ನಡೆದು ಹೋಗಿ, ಬಾಯಿ ತೆರೆದು ತುತ್ತು ಈಸಿಕೊಂಡು, ಕೊನೆಗೆ ನನ್ನ ಕಡೆ ಬಂದವಳೇ ನನ್ನ ಪಾದದ ಮೇಲೆ ಹತ್ತಿ ನಿಂತಳು.

"ಏ ಪುಟ್ಟಿ, ಇಳಿ, ಅಜ್ಜಿಗೆ ನೋವಾತದೆ," ಎಂದ ಮಗ.

"ನೋವಾತದೆ ಮಾರಾಯಾ, ಚೆನ್ನಾಗೇ ನೋವಾತದೆ! ಇರ್ಲಿ ಬಿಡು," ಎಂದೆ ನಾನು. ಎಲ್ಲರೂ ನಕ್ಕರು. ಮೀನಿನ ಮುಳ್ಳು ಬಿಡಿಸಿ ಒಂದು ಸಣ್ಣ ತುತ್ತನ್ನು ಅವಳ ಬಾಯಿಗೆ ಇಟ್ಟೆ, ಆಮೇಲೆ ನಾನೂ ಉಂಡೆ.