ಮರಗಸಿ ಸುಬ್ಬಯ್ಯನ ಅನುಭವ ಪತ್ರ

ಕೆಳಗಿನ ಕಾಫಿ ಗಿಡದ ಒಂದು ರೆಂಬೆಯೂ ಮುರಿಯದಂತೆ ನೆರಳುಮರದ ಕೊಂಬೆ ಕಡಿದಿಳಿಸುವ ಮರಗಸಿ ಕೆಲಸದಲ್ಲಿ ನಮ್ಮ ಸುಬ್ಬಯ್ಯನದು ಎತ್ತಿದ ಕೈ. ಪಟ್ಟಣ ಪಂಚಾಯಿತಿಯ ರಸ್ತೆಬದಿ ಮರಗಳ ಟೆಂಡರಿಗೆ ಅರ್ಜಿ ಹಾಕಲು ಅದು ಕೊನೆಯ ದಿನ. ನಿವೃತ್ತನಲ್ಲವೇ, ನಾನೂ ಜೊತೆಗೆ ಹೋದೆ.

“ಅನುಭವದ ಪತ್ರ ಇಲ್ಲದೆ ಅರ್ಜಿ ತಗೊಳ್ಳಲ್ಲ. ತೋಟದ ಮಾಲೀಕರು ಯಾರಾದ್ರೂ ಬರೆದುಕೊಟ್ಟಿರಬೇಕು,” ಅಂದರು ಪಂಚಾಯಿತಿಯ ಇಂಜಿನಿಯರ್.

ಸುಮ್ಮನಿರಲಾರದೆ, ಅವರಿಗೂ ತೋಟ ಇದೆಯೇ ಎಂದು ಕೇಳಿದೆ.

“ಪಾಲಿಬೆಟ್ಟದಲ್ಲಿದೆ. ಆಳು, ಲೆಕ್ಕ ಎಲ್ಲಾ ರೈಟರೇ ನೋಡ್ಕೊಳ್ಳೋದು.”

“ಗೇಟಿನ ಹತ್ರ ಜೋಡಿ ಹಲಸಿನ ಮರ ಇರೋದಾ ಸಾರ್?” ಸುಬ್ಬಯ್ಯ ಮೆಲ್ಲಗೆ ಕೇಳಿದ. “ಎಂಟು ವರ್ಷದಿಂದ ಅಲ್ಲಿ ಮರಗಸಿ ಮಾಡೋದು ನಾನೇ.”

ಇಂಜಿನಿಯರ್ ರೈಟರಿಗೆ ಫೋನ್ ಮಾಡಿ ಕೇಳಿದರು, ಆಮೇಲೆ ಪೆನ್ನು ತೆಗೆದರು. ಮಾಲೀಕರಾಗಿ ಪತ್ರ ಬರೆದು, ಅಧಿಕಾರಿಯಾಗಿ ‘ಪರಿಶೀಲಿಸಲಾಗಿದೆ’ ಎಂದು ಸಹಿ ಹಾಕಿ, ಅರ್ಜಿ ತೆಗೆದುಕೊಂಡರು.

ಎರಡು ಸಹಿಯೂ ಒಂದೇ ಥರ ಇದೆಯಲ್ಲ ಎನ್ನುವ ಮಾತನ್ನು ನಾನು ಬಸ್ ಸ್ಟ್ಯಾಂಡಿನವರೆಗೆ ತಡೆದುಕೊಂಡೆ. ಅರ್ಜಿ ಹಾಕಿದ್ದಕ್ಕಿಂತ ಅದೇ ದೊಡ್ಡ ಸಾಧನೆ ಅಂತಾಳೆ ನನ್ನ ಹೆಂಡತಿ.