ಓರೆಯಾದ ಕನ್ನಡಿ

ರೇಣುಕಾ, ಆ ಕನ್ನಡಿಯನ್ನು ಓರೆ ಮಾಡಿದವನು ನಾನು. ತಪ್ಪು ನಿನ್ನದಾಗಿರಲಿಲ್ಲ — ಎಳ್ಳಷ್ಟೂ.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನೀನು ಗುಳೇದಗುಡ್ಡದ ನೇಕಾರರ ಮಗಳು, ನಾನು ಕಮತಗಿಯವನು. ಆ ದೂರದ ಪ್ರಯೋಗಾಲಯದಲ್ಲಿ ‘ಭಾಳ’, ‘ಖರೆ’ ಎನ್ನುವವರು ನಾವಿಬ್ಬರೇ. ಲೇಸರ್ ಬೆಳಕಿನಿಂದ ಪರಮಾಣುಗಳನ್ನು ಹೆಚ್ಚುಕಡಿಮೆ ಅಲುಗದೆ ನಿಲ್ಲುವಷ್ಟು ತಣ್ಣಗಾಗಿಸಿ, ಗಾಳಿ ತೆಗೆದ ಕೊಳವೆಯಲ್ಲಿ ಬೀಳಬಿಟ್ಟು, ಭೂಮಿಯ ಸೆಳೆತವನ್ನು ಅಳೆಯುವುದು ನಿನ್ನ ಸಂಶೋಧನೆ. ಅಳೆಯುವ ಬೆಳಕು ನೆಟ್ಟಗಿರಬೇಕು. ಅದರ ಕನ್ನಡಿ ಕೂದಲೆಳೆಯಷ್ಟು ಓರೆಯಾದರೂ ಸೆಳೆತ ಕಡಿಮೆ ತೋರಿಸುತ್ತದೆ.

ನನ್ನ ಮೊಣಕೈ ತಾಗಿತು. ಹೇಳಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು — ಆದರೆ ಅದೇ ವಾರ ಇನ್ನೇನೋ ಕೆಡಿಸಿ, ಮಾರ್ಗದರ್ಶಕರಿಂದ ‘ಇನ್ನೊಮ್ಮೆ ಆದರೆ ಗಂಟುಮೂಟೆ ಕಟ್ಟು’ ಎನಿಸಿಕೊಂಡಿದ್ದೆ. ಹೆದರಿದೆ. ನೀನು ಆ ಕಡಿಮೆ ಅಂಕಿಗಳನ್ನೇ ನಂಬಿ ಎಲ್ಲರೆದುರು ಮಂಡಿಸಿದೆ. ಪ್ರಶ್ನೆಗಳು ಬಂದಾಗ ನನ್ನನ್ನು ಕೇಳಿದೆ.

“ಕನ್ನಡಿ ಏನರ ಮುಟ್ಟಿದ್ದೇನು?”

“ನಾ ಯಾಕ ಮುಟ್ಟಲಿ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತಿತ್ತು ನನ್ನ ದನಿ. ಆದರೂ ನೀನು ನಂಬಿದೆ, ಬೇರೆಲ್ಲ ಕಡೆ ಹುಡುಕಿದೆ. ಯಾರೂ ಇಲ್ಲದಾಗ ನಾನು ಕನ್ನಡಿಯನ್ನು ನೆಟ್ಟಗೆ ಮಾಡಿದೆ. ಅಂಕಿಗಳು ಸರಿಯಾದವು — ಹಾಗಾಗಿ ಹಿಂದಿನದೆಲ್ಲ ನಿನ್ನ ನಿಷ್ಕಾಳಜಿ ಎಂದಾಯಿತು.

ನೀನು ಊರಿಗೆ ಹೋದವಳು ತಿರುಗಿ ಬರಲಿಲ್ಲ. ಹೇಳಿಬಿಡಬೇಕೆಂದೇ ನಾನು ನಿನ್ನ ಹಿಂದೆ ಬಂದೆ — ಬಾಗಲಕೋಟೆಯಿಂದ ಬಸ್ಸಿನುದ್ದಕ್ಕೂ ಆ ಮಾತನ್ನೇ ಬಾಯಿಪಾಠ ಮಾಡುತ್ತ. ನೀನು ಒಳಗೆ ಚಹಾ ಮಾಡುತ್ತಿದ್ದೆ. ಖಣ ನೇಯುತ್ತಿದ್ದ ನಿನ್ನಪ್ಪ ಮಗ್ಗ ನಿಲ್ಲಿಸಿದರು.

“ನೀ ನಮ್ಮ ಕಡೆ ಹುಡುಗ, ಖರೆ ಹೇಳಪಾ ತಮ್ಮಾ. ತಪ್ಪು ನನ್ನ ಮಗಳದೇನು? ಅಲ್ಲ ಅಂದ್ರ ನಾಳೆನ ಕಳಸ್ತೇನಿ. ಹೌದಂದ್ರ, ಬಂದ ವರಕ್ಕ ಹ್ಞೂಂ ಅಂತೇನಿ.”

ಅಲ್ಲ — ಒಂದೇ ಮಾತು. ನಾನು ಹೇಳಿದ್ದು ಬೇರೆ.

“ತಪ್ಪು ಎಲ್ಲಾರ ಕಡಿಂದನೂ ಆಗ್ತಾವ್ರಿ ಕಾಕಾ.”

ಅವರು ತಲೆಯಾಡಿಸಿ ಮತ್ತೆ ಲಾಳಿ ಹಿಡಿದರು. ನೀನು ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಆ ಚಹಾ ಕುಡಿದೆ ನಾನು, ಪೂರ್ತಿ.

ನನಗೆ ಡಾಕ್ಟರೇಟ್ ಬಂತು, ನೌಕರಿಯೂ ಬಂತು. ಯಾರಾದರೂ ಬಾಗಿಲು ತಟ್ಟಿದರೆ ಇಂದಿಗೂ ಮೊದಲು ಕಿಟಕಿಯಿಂದ ಇಣುಕುತ್ತೇನೆ — ನೀನೇ ಬಂದೆಯೇನೋ ಎಂದು. ಮದುವೆಯಾಗಿ ಹೋದ ನೀನು ಬಾದಾಮಿಯಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತೀಯಂತೆ. ನಿನ್ನಪ್ಪ ಈಗಲೂ ಮಗ್ಗಕ್ಕೆ ಕೂರುತ್ತಾರಂತೆ. ಕ್ಷಮೆ ಕೇಳುವ ಮುಖ ನನಗಿಲ್ಲ. ಈ ಭಾನುವಾರ ಗುಳೇದಗುಡ್ಡಕ್ಕೆ ಬಂದು, ಅವರು ಅಂದು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ. ನೀನೂ ಅಲ್ಲಿರು. ಹೆದರಿಕೆ ಇನ್ನೂ ಹೋಗಿಲ್ಲ, ರೇಣುಕಾ — ‘ಆವಾಗ ಯಾಕ ಹೇಳಲಿಲ್ಲೋ?’ ಎಂದು ಅವರು ಕೇಳಿದರೆ, ‘ಹೆದರಿದ್ನಿರಿ ಕಾಕಾ’ ಎಂದಷ್ಟೇ ಹೇಳಬಲ್ಲೆ.