ಹೆಬ್ಬೆರಳಿನ ಪಕ್ಕದ ಕೀ

ನೀರು ಸರಬರಾಜು ಕಚೇರಿಯಲ್ಲಿ ಎಲ್ಲರೂ ಅವಳನ್ನು ನೀರಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಬೀದಿಗಳ ಅಡಿಯಲ್ಲಿ ಪೈಪು ಎಲ್ಲಿ ಹೋಗಿದೆ, ಎಲ್ಲಿ ತಿರುಗಿದೆ, ಎಲ್ಲಿ ಕವಲೊಡೆದಿದೆ ಎಂದು ಕಂಪ್ಯೂಟರಿನಲ್ಲಿ ನಕ್ಷೆ ಬರೆದಿಡುವುದು ಅವಳ ಕೆಲಸ. ಬೇರೆಯವರು ದಾರಿಯಲ್ಲಿ ನಡೆಯುವಾಗ ಅಂಗಡಿ ನೋಡುತ್ತಾರೆ, ಕಿಟಕಿ ನೋಡುತ್ತಾರೆ. ನೀರಕ್ಕ ಕಾಲಡಿಯನ್ನೇ ನೋಡುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಗಂಡನ ತೋಳು ಹಿಡಿದು ನಿಲ್ಲಿಸಿ, "ಈಗ ನಾವು ದೊಡ್ಡ ಪೈಪಿನ ಮೇಲೆ ನಿಂತಿದ್ದೀವಿ ರೀ" ಎಂದಿದ್ದಳು. ಆ ಪುಣ್ಯಾತ್ಮ, ಕನ್ನಡಕದ ಅಂಗಡಿ ಇಟ್ಟುಕೊಂಡವನು, ಬೇರೇನೋ ಪ್ರೀತಿಯ ಮಾತು ಬರುತ್ತದೆಂದು ಕಾದಿದ್ದವನು, ಪೆಚ್ಚಾಗಿ ಕೆಳಗೆ ನೋಡಿದ್ದ.

ರಾತ್ರಿ ಕನಸಿನಲ್ಲಿ ಅವಳು ಆ ಪೈಪುಗಳ ಒಳಗೇ ನಡೆಯುತ್ತಿದ್ದಳು. ಮೊಣಕಾಲವರೆಗೆ ತಣ್ಣನೆಯ ನೀರು, ತಲೆಯ ಮೇಲೆ ಯಾರದೋ ಅಡುಗೆಮನೆಯ ಪಾತ್ರೆಗಳ ಸದ್ದು. ಎಷ್ಟು ನಡೆದರೂ ಸುಸ್ತಾಗುತ್ತಿರಲಿಲ್ಲ. ಎಲ್ಲಿ ತಿರುಗಬೇಕೆಂದು ಕಾಲಿಗೇ ಗೊತ್ತಿರುತ್ತಿತ್ತು. ಬೆಳಿಗ್ಗೆ ಎದ್ದಾಗ ಪಾದ ಒದ್ದೆಯಾಗಿದೆಯೇನೋ ಎಂದು ಮುಟ್ಟಿ ನೋಡಿಕೊಳ್ಳುವಷ್ಟು ನಿಜ ಅನ್ನಿಸುವ ಕನಸು.

ನಕ್ಷೆಯ ಕೋಣೆಯಲ್ಲಿ ಅವಳ ಎದುರು ಮೇಜಿನವನಿಗೆ ಗುಮ್ಮನಗುಸುಕ ಎಂದು ಹೆಸರು. ಇಟ್ಟವಳು ಅವಳೇ. ಏನು ಕೇಳಿದರೂ ಹೂಂ ಇಲ್ಲ, ಉಹೂಂ ಇಲ್ಲ. ಚಹಾ ಬೇಕಾ ಎಂದರೆ ಲೋಟ ಮುಂದೆ ಸರಿಸುತ್ತಾನೆ, ಬೇಡವಾದರೆ ಸರಿಸುವುದಿಲ್ಲ. ಅಷ್ಟೇ ಸಂಸಾರ. ಇಷ್ಟು ವರ್ಷ ಎದುರುಬದುರು ಕೂತರೂ ಅವನಿಗೆ ಮಕ್ಕಳಿದ್ದಾರೋ ಇಲ್ಲವೋ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಆದರೆ ಒಂದು ಬೆಳಿಗ್ಗೆ ಅವಳ ಎಡಗೈಯಲ್ಲಿದ್ದ ಲೋಟ ತಾನಾಗಿ ಓರೆಯಾಗಿ, ಚಹಾ ಮೇಜಿನ ಮೇಲೆಲ್ಲ ಹರಿದು, ಅದು ಹರಿಯುವುದನ್ನು ಅವಳು ಯಾರದೋ ನಕ್ಷೆ ನೋಡುವವಳ ಹಾಗೆ ಸುಮ್ಮನೆ ನೋಡುತ್ತ ಕುಳಿತಾಗ, ಕುರ್ಚಿ ತಳ್ಳಿ ಎದ್ದು ಬಂದವನು ಅವನೇ. ಆಸ್ಪತ್ರೆಗೆ ಕರೆದೊಯ್ದವನೂ ಅವನೇ. ದಾರಿಯುದ್ದಕ್ಕೂ ಆಗಲೂ ಮಾತಿಲ್ಲ.

ಸಣ್ಣ ಸ್ಟ್ರೋಕ್ ಎಂದರು. ಬೇಗ ಕರೆತಂದದ್ದರಿಂದ ಬಚಾವು. ನಡಿಗೆ ಬಂತು, ಮಾತು ಬಂತು. ಮೊದಲ ದಿನ ನರ್ಸ್ ಬಾಚಣಿಗೆ ತೋರಿಸಿದಾಗ ಅವಳು ಚಮಚ ಎಂದಳು, ಚಮಚ ತೋರಿಸಿದಾಗ ಬಾಚಣಿಗೆ ಎಂದಳು. ಮರುದಿನ ಅದೂ ಸರಿಹೋಯಿತು. ಹಟ ಹಿಡಿದದ್ದು ಎಡಗೈಯ ಕಿರುಬೆರಳೊಂದೇ. ಮುನಿಸಿಕೊಂಡ ನಾದಿನಿಯ ಹಾಗೆ ಉಳಿದ ಬೆರಳುಗಳಿಂದ ದೂರ ನಿಂತುಬಿಟ್ಟಿತು. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ ಒಂದು ಮಾತು ಮಾತ್ರ ಅವಳ ಎದೆಯಲ್ಲಿ ಕುಳಿತುಬಿಟ್ಟಿತು. "ಮತ್ತೆ ಯಾವುದಾದ್ರೂ ಅದಲು ಬದಲು ಆಗ್ತಿದೆ ಅನ್ನಿಸಿದ್ರೆ ತಡ ಮಾಡ್ಬೇಡಿ, ಬಂದ್ಬಿಡಿ."

ಸ್ವಲ್ಪ ಕಾಲ ಮನೆಯಿಂದಲೇ ಕೆಲಸ ಮಾಡಿ ಎಂದು ಸಾಹೇಬರು ಅನುಮತಿ ಕೊಟ್ಟರು. ಇಡೀ ಊರಿನ ನಕ್ಷೆ ಮನೆಯ ಕಂಪ್ಯೂಟರಿಗೆ ಹೊರಲಾಗದಷ್ಟು ಭಾರ. ಹಾಗಾಗಿ ನಕ್ಷೆ ಕಚೇರಿಯಲ್ಲಿ, ಅವಳ ಹಳೆಯ ಮೇಜಿನ ಕಂಪ್ಯೂಟರಿನಲ್ಲೇ ಇರುತ್ತಿತ್ತು. ಬೆಳಿಗ್ಗೆ ಅಲ್ಲಿ ಯಾರಾದರೂ ಅದನ್ನು ಆನ್ ಮಾಡಬೇಕು. ಆಮೇಲೆ ಇವಳು ಮನೆಯಲ್ಲಿ, ಮಲಗುವ ಕೋಣೆಯ ಕಿಟಕಿಯ ಬಳಿ ಕುಳಿತು ಅದಕ್ಕೆ ಸಂಪರ್ಕ ಮಾಡಿಕೊಂಡರೆ, ಅಲ್ಲಿಯ ಪರದೆ ಇಲ್ಲಿ ತೆರೆದುಕೊಳ್ಳುತ್ತಿತ್ತು. ಕೈ ಇಲ್ಲಿ, ಗೆರೆ ಅಲ್ಲಿ. ಇಲ್ಲಿ ಮೌಸ್ ಸರಿಸಿದರೆ ಅಲ್ಲಿ, ಯಾರೂ ಕುಳಿತಿರದ ಕುರ್ಚಿಯ ಮುಂದೆ, ಪುಟ್ಟ ಬಾಣ ಸರಿಯುತ್ತಿತ್ತು. ಅವಳಿಗೆ ಅದು ಬಹಳ ಹಿಡಿಸಿತು. ಕನಸಿನಲ್ಲಿ ನಡೆದ ಹಾಗೇ ಇದೆಯಲ್ಲ ಅನ್ನಿಸಿತು. ಮೈ ಹಾಸಿಗೆಯ ಪಕ್ಕ, ಕೈ ದೂರದ ಕೋಣೆಯಲ್ಲಿ.

ತೊಡಕು ಬಂದದ್ದು ಹಿಡಿಯುವ ಕೀಗಳಲ್ಲಿ. ಕೀಬೋರ್ಡಿನಲ್ಲಿ ಒಂದು ಜಾತಿಯ ಕೀಗಳಿವೆ, ಒಂಟಿಯಾಗಿ ಒತ್ತಿದರೆ ಏನೂ ಆಗದು. ಅದುಮಿ ಹಿಡಿದುಕೊಂಡು ಇನ್ನೊಂದು ಕೆಲಸ ಮಾಡಬೇಕು, ಆಗ ಆ ಕೆಲಸದ ಅರ್ಥವೇ ಬೇರೆಯಾಗುತ್ತದೆ. ಅವಳ ನಕ್ಷೆಯಲ್ಲಿ ಕಂಟ್ರೋಲ್ ಹಿಡಿದು ಪೈಪನ್ನು ಎಳೆದರೆ ಅದರ ಪ್ರತಿ ಬರುತ್ತಿತ್ತು, ಒಂದು ಬೀದಿಯ ಪೈಪನ್ನು ಪಕ್ಕದ ಬೀದಿಗೂ ಇಡಬಹುದು. ಆಲ್ಟ್ ಹಿಡಿದು ಎಳೆದರೆ ಪೈಪು ಅಲ್ಲೇ ಕಡಿದುಹೋಗುತ್ತಿತ್ತು. ಕಂಟ್ರೋಲ್ ಇರುವುದು ಮೂಲೆಯಲ್ಲಿ, ಕಿರುಬೆರಳಿನ ಪಾಲಿಗೆ. ಆಲ್ಟ್ ಇರುವುದು ಹೆಬ್ಬೆರಳಿನ ಪಕ್ಕದಲ್ಲಿ. ದಿನವಿಡೀ ಬೇಕಾಗುವುದು ಕಂಟ್ರೋಲ್, ಹಿಡಿಯಬೇಕಾದ ಬೆರಳು ಮುನಿಸಿನಲ್ಲಿ.

ಗಂಡ ಒಂದು ಭಾನುವಾರ ಪೂರ್ತಿ ತಲೆ ಕೆರೆದುಕೊಂಡು, ಯಾರು ಯಾರನ್ನೋ ಫೋನಿನಲ್ಲಿ ಕೇಳಿ, ಮನೆಯ ಕಂಪ್ಯೂಟರಿನಲ್ಲಿ ಆ ಎರಡು ಕೀಗಳ ಕೆಲಸವನ್ನು ಅದಲು ಬದಲು ಮಾಡಿಟ್ಟ. ಇನ್ನು ಹೆಬ್ಬೆರಳಿನ ಪಕ್ಕದ ಕೀಯೇ ಕಂಟ್ರೋಲ್. ಗುರುತಿಗಿರಲಿ ಎಂದು ಕನ್ನಡಕದ ಚೌಕಟ್ಟು ತಿದ್ದುವ ಕಡ್ಡಿಯ ತುದಿಯಿಂದ ಅದರ ಮೇಲೆ ಉಗುರುಬಣ್ಣದ ಕೆಂಪು ಚುಕ್ಕೆ ಇಟ್ಟ. "ಕಚೇರಿಗೆ ಹೇಳ್ಲಾ?" ಎಂದು ಕೇಳಿದ. "ಬೇಡ. ಕೈ ಸರಿ ಇಲ್ಲ ಅಂತ ಡಂಗುರ ಹೊಡೀಬೇಕಾ?" ಎಂದಳು.

ಕೆಲವು ದಿನ ಎಲ್ಲವೂ ಬೆಣ್ಣೆಯ ಹಾಗೆ ಸಾಗಿತು. ನಡುವೆ ಒಮ್ಮೆ ಕಚೇರಿಗೆ ಹೋಗಿ ಮೇಜಿನಲ್ಲಿ ಉಳಿದಿದ್ದ ತನ್ನ ಸಾಮಾನನ್ನು ಚೀಲಕ್ಕೆ ತುಂಬಿಕೊಂಡು ಬಂದಳು. ಆಮೇಲೊಂದು ದಿನ ಕೆಂಪು ಚುಕ್ಕೆ ಹಿಡಿದು ಎಳೆದರೆ, ಪ್ರತಿ ಬರುವ ಬದಲು ಪೈಪು ಕಡಿಯಿತು. ಮತ್ತೆ ಎಳೆದಳು, ಮತ್ತೆ ಕಡಿಯಿತು. ಮನೆಯ ಕಂಪ್ಯೂಟರಿನಲ್ಲೇ ಏನೋ ನಾಲ್ಕು ಪದ ಬರೆದು ಪ್ರತಿ ತೆಗೆದು ನೋಡಿದಳು, ಸರಿಯಾಗಿ ಬಂತು. ಅಂದರೆ ಕೀಯ ತಪ್ಪಲ್ಲ. ಮರುದಿನ ಅದೇ ಕೀ, ಅದೇ ನಕ್ಷೆ, ತಕರಾರೇ ಇಲ್ಲ. ಅದರ ಮರುದಿನ ಮತ್ತೆ ಕಡಿತ. ಬೇರೆ ಯಾರಾದರೂ ಆಗಿದ್ದರೆ ಕಂಪ್ಯೂಟರಿಗೆ ಬಾಯಿಗೆ ಬಂದಂತೆ ಬೈದು ಕೈ ತೊಳೆದುಕೊಳ್ಳುತ್ತಿದ್ದರು. ಆದರೆ ತನ್ನ ತಲೆ ಒಮ್ಮೆ ಕೈಕೊಟ್ಟದ್ದನ್ನು ಕಣ್ಣಾರೆ ಕಂಡವಳು ಮೊದಲು ತಲೆಯನ್ನೇ ಅನುಮಾನಿಸುತ್ತಾಳೆ. ಹಿಡಿಯುವಾಗ ಮೂಲೆಯ ಕೀ ಹಿಡಿದೆನೋ, ಹೆಬ್ಬೆರಳಿನದ್ದೋ? ಹಿಡಿದದ್ದು ಒಂದು, ಹಿಡಿದೆನೆಂದುಕೊಂಡದ್ದು ಇನ್ನೊಂದೋ? ಡಾಕ್ಟರ ಮಾತು ನೆನಪಾಯಿತು.

ಅಡುಗೆಮನೆಯಿಂದ ಒಂದು ಚಮಚ, ಕನ್ನಡಿಯ ಮುಂದಿನಿಂದ ಒಂದು ಬಾಚಣಿಗೆ ತಂದು ಕೀಬೋರ್ಡಿನ ಪಕ್ಕ ಇಟ್ಟುಕೊಂಡಳು. ಪೈಪು ಕಡಿದಾಗಲೆಲ್ಲ ಒಂದನ್ನು ಎತ್ತಿ ಹಿಡಿದು ಮೆಲ್ಲಗೆ ಹೆಸರು ಹೇಳುತ್ತಿದ್ದಳು. ಚಮಚ. ಬಾಚಣಿಗೆ. ಸರಿಯಾಗಿಯೇ ಬರುತ್ತಿತ್ತು. ಸರಿಯಾಗಿ ಬಂದದ್ದು ಸರಿಯೇ ಎಂದು ಹೇಳುವವರು ಯಾರು ಎಂದು ಆಮೇಲೆ ಅನ್ನಿಸುತ್ತಿತ್ತು. ಗಂಡ ಮನೆಯೆಲ್ಲ ಹುಡುಕಿ "ಚಮಚಕ್ಕೆ ಕಾಲು ಬಂತಾ?" ಎಂದು ಕೇಳಿದರೂ ಬಾಯಿ ಬಿಡಲಿಲ್ಲ. ಕನಸೂ ಕೆಟ್ಟಿತು. ಪೈಪಿನೊಳಗೆ ನಡೆಯುತ್ತ ನಡೆಯುತ್ತ ತಿರುವಿನಲ್ಲಿ ಎಡವೋ ಬಲವೋ ಎಂದು ಕಾಲಿಗೆ ತಿಳಿಯದೆ ನಿಂತುಬಿಡುತ್ತಿದ್ದಳು. ನೀರು ಮಾತ್ರ ಹಿಂದಿನಿಂದ ಬರುತ್ತಲೇ ಇರುತ್ತಿತ್ತು.

ಗುರುವಾರ ಪೈಪು ಮೇಸ್ತ್ರಿಯ ಫೋನು ಬಂತು. "ಅಕ್ಕ, ನಕ್ಷೆ ಪ್ರಕಾರ ಈ ಬೀದಿಗೆ ನೀರೇ ಇಲ್ಲ. ಇಲ್ಲಿ ನೋಡಿದ್ರೆ ಮನೆ ಮನೆ ಮುಂದೆ ಬಟ್ಟೆ ಒಗೀತಿದ್ದಾರೆ. ನಾನು ಯಾವುದನ್ನ ನಂಬ್ಲಿ?"

"ಬಟ್ಟೆ ಒಗೆಯೋರನ್ನ ನಂಬಿ," ಎಂದು ನಗಿಸಿ ಫೋನಿಟ್ಟಳು. ಇಟ್ಟ ಮೇಲೆ ಅತ್ತಳು. ಇನ್ನೊಬ್ಬರು ಆ ನಕ್ಷೆ ನಂಬಿ ನೆಲ ಅಗೆದರೆ ಏನು ಗತಿ? ನಾಳೆ ಸಂಜೆ ಸಾಹೇಬರಿಗೆ ಹೇಳಿಬಿಡುವುದು, ಈ ಕೆಲಸ ಇನ್ನು ನನ್ನಿಂದಾಗದು ಎಂದು. ಸೋಮವಾರ ಡಾಕ್ಟರ ಹತ್ತಿರ ಹೋಗುವುದು. ನಕ್ಷೆ ಹೋದರೆ ತನ್ನಲ್ಲಿ ಉಳಿಯುವುದೇನು ಎಂದು ಯೋಚಿಸಲು ಹೋಗಿ, ಭಯವಾಗಿ ಅರ್ಧಕ್ಕೇ ಬಿಟ್ಟಳು.

ಕೆಲಸ ಬಿಡುವ ಮೊದಲು ತಾನು ಕಡಿದ ಪೈಪುಗಳನ್ನಾದರೂ ಜೋಡಿಸಿಡೋಣವೆಂದು ಶುಕ್ರವಾರ ಬೆಳಿಗ್ಗೆ ಎಂದಿಗಿಂತ ಬೇಗ ಕುಳಿತಳು. ಕಚೇರಿಯ ಕಂಪ್ಯೂಟರ್ ಆಗಷ್ಟೇ ಎದ್ದಿತ್ತು. ದೂರದ ಪರದೆ ತೆರೆದುಕೊಂಡಿತು. ಅವಳ ಕೈ ಇನ್ನೂ ಮಡಿಲಲ್ಲೇ ಇತ್ತು. ಬಾಣ ಸರಿಯಿತು.

ತಾನು ಮುಟ್ಟಿಲ್ಲ. ಮುಟ್ಟಿಲ್ಲ ಎಂಬುದನ್ನು ಎರಡೂ ಕೈ ಎತ್ತಿ ನೋಡಿ ಖಚಿತ ಮಾಡಿಕೊಂಡಳು. ಬಾಣ ನಿಧಾನವಾಗಿ, ನಡುಮನೆಯಲ್ಲಿ ಸದ್ದಾಗದಂತೆ ನಡೆಯುವ ಮನೆಯವರ ಹಾಗೆ, ಪರದೆಯ ಒಂದು ಮೂಲೆಗೆ ಹೋಯಿತು. ಕೀಬೋರ್ಡಿನ ಸೆಟ್ಟಿಂಗ್ ತೆರೆಯಿತು. ಕಂಟ್ರೋಲ್ ಇದ್ದಲ್ಲಿ ಆಲ್ಟ್ ಇಟ್ಟಿತು. ಆಲ್ಟ್ ಇದ್ದಲ್ಲಿ ಕಂಟ್ರೋಲ್ ಇಟ್ಟಿತು. ಆ ಸೆಟ್ಟಿಂಗ್ ಮುಚ್ಚಿ, ಬಂದ ಕೆಲಸ ಮುಗಿಯಿತೆಂಬಂತೆ ನಿಂತುಕೊಂಡಿತು.

ಮೊದಲು ಬಂದದ್ದು ಸಿಟ್ಟು. ಅಂಥಿಂಥ ಸಿಟ್ಟಲ್ಲ. ಇಷ್ಟು ದಿನ ನನ್ನ ತಲೆ ಕೆಟ್ಟಿತೆಂದು ನಾನು ಸಾಯುತ್ತಿದ್ದರೆ, ಅಲ್ಲಿ ಕುಳಿತು ಒಬ್ಬ ಕೀ ತಿರುಗಿಸುತ್ತಿದ್ದಾನೆ. ಆ ಹೊತ್ತಿಗೆ ಆ ಕೋಣೆಯಲ್ಲಿ ಇರುವವನು ಒಬ್ಬನೇ. ಫೋನು ತೆಗೆದಳು.

"ನನ್ನ ಕಂಪ್ಯೂಟರಲ್ಲಿ ಏನು ಮಾಡ್ತಿದ್ದೀರಿ?"

"ಆನ್ ಮಾಡ್ದೆ ಅಕ್ಕ," ಎಂದ ಗುಮ್ಮನಗುಸುಕ.

"ಅಷ್ಟೇನಾ? ನಾನು ನೋಡ್ತಾನೇ ಇದ್ದೆ. ಕೀ ಯಾಕೆ ಬದಲಾಯಿಸಿದ್ರಿ?"

ಆಗ ಆ ಮನುಷ್ಯ ಮಾತಾಡಿದ. ಇಷ್ಟು ವರ್ಷಗಳಲ್ಲಿ ಅವನು ಅಷ್ಟು ಉದ್ದ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

"ಆಸ್ಪತ್ರೆಯಿಂದ ಬಂದ್ಮೇಲೆ ಒಂದಿನ ನಿಮ್ಮ ಸಾಮಾನು ತಗೊಂಡು ಹೋಗೋಕೆ ಬಂದಿದ್ರಲ್ಲ. ಚೀಲ ಹಿಡ್ಕೊಂಡಾಗ ಕಿರುಬೆರಳು ಮಡಚ್ತಾ ಇರ್ಲಿಲ್ಲ. ಕಂಟ್ರೋಲ್ ಹಿಡಿಯೋದು ಹೇಗೆ ಇವರು ಅನ್ಕೊಂಡೆ. ಹೆಬ್ಬೆರಳು ಚೆನ್ನಾಗಿತ್ತು. ಅದಕ್ಕೇ ಆಲ್ಟನ್ನ ಕಂಟ್ರೋಲ್ ಮಾಡಿಟ್ಟೆ. ಆಫ್ ಮಾಡಿದ್ರೆ ಮರೆತುಬಿಡುತ್ತೆ ಈ ಮಷೀನು. ಹಾಗಾಗಿ ದಿನಾ ಬೆಳಿಗ್ಗೆ ಮಾಡ್ಬೇಕು."

"ದಿನಾ ಮಾಡ್ತೀರಾ?"

"ನಾನಿರೋ ದಿನ. ಹೊರಗಡೆ ಅಳತೆಗೆ ಹೋದ ದಿನ ಅಟೆಂಡರ್ ಬಂದು ಆನ್ ಮಾಡ್ತಾನೆ, ಅವನಿಗೆ ಇದೆಲ್ಲ ಗೊತ್ತಿಲ್ಲ. ಆ ದಿನ ನಿಮಗೆ ಕಷ್ಟ ಆಗಿರುತ್ತೆ."

ಆ ದಿನಗಳಲ್ಲೇ ಅವಳಿಗೆ ಎಲ್ಲವೂ ಸರಿಯಾಗುತ್ತಿತ್ತು. ನೀರಕ್ಕ ಕೆಂಪು ಚುಕ್ಕೆಯನ್ನು ನೋಡಿದಳು. ಗಂಡ ಇಲ್ಲಿ ಒಮ್ಮೆ ತಿರುಗಿಸಿದ್ದ. ಇವನು ಅಲ್ಲಿ ಇನ್ನೊಮ್ಮೆ ತಿರುಗಿಸುತ್ತಿದ್ದ. ಎರಡು ಸಲ ತಿರುಗಿದ್ದು ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತಿತ್ತು. ಅವಳಿಗೆ ಒಳ್ಳೆಯದಾಗಲೆಂದು ಇಬ್ಬರು ಗಂಡಸರು, ಒಬ್ಬರಿಗೊಬ್ಬರು ತಿಳಿಯದೆ, ಎರಡು ತುದಿಯಿಂದ ಮಾಡಿದ ಉಪಕಾರ ಇದು. ಬಾಯಿ ಬಿಟ್ಟಿದ್ದರೆ ಒಂದೇ ದಿನದಲ್ಲಿ ಮುಗಿಯುವ ಸಂಗತಿ. ಅವನಂತೂ ಹುಟ್ಟಾ ಗುಮ್ಮ. ಇವಳಿಗೇನಾಗಿತ್ತು ಧಾಡಿ?

ನಗು ಬಂತು, ಜೊತೆಗೆ ಅಳುವೂ. "ನನ್ನ ತಲೆ ಕೆಟ್ಟಿಲ್ಲ," ಎಂದಳು.

"ಯಾರಂದ್ರು ಹಾಗೆ?" ಎಂದು ಅವನು ಗಾಬರಿಯಾಗಿ ಕೇಳಿದ.

ಅವಳು ಎಲ್ಲವನ್ನೂ ಹೇಳಿದಳು. ಗಂಡನ ಭಾನುವಾರ, ಕಡಿದ ಪೈಪುಗಳು, ಚಮಚ, ಬಾಚಣಿಗೆ, ಸಾಹೇಬರಿಗೆ ಹೇಳಬೇಕೆಂದಿದ್ದ ಮಾತು. ಯಾರಿಗೂ ಹೇಳದೆ ಬಚ್ಚಿಟ್ಟದ್ದನ್ನು ಹೂಂಗುಟ್ಟಲೂ ಬಾರದವನಿಗೆ ಹೇಳಿದಳು. ಅವನು ಕೇಳಿಸಿಕೊಂಡ. ಕೊನೆಗೆ, "ಹೇಳ್ಬೇಕಿತ್ತು ನಾನು," ಎಂದ. "ಇವತ್ತಿಂದ ತೆಗೆದುಬಿಡ್ತೀನಿ ಅಕ್ಕ. ನಿಮ್ಮ ಕಡೆದು ಸಾಕು."

ಬುದ್ಧಿಯಿದ್ದವರು ಯಾರಾದರೂ ಸರಿ ಎನ್ನುತ್ತಿದ್ದರು. ಮನೆಯದ್ದನ್ನು ಒಮ್ಮೆ ಮಾಡಿಟ್ಟರೆ ಮುಗಿಯಿತು, ಅಲ್ಲಿಯದ್ದನ್ನು ದಿನಾ ಮಾಡಬೇಕು. ನೀರಕ್ಕ ಸರಿ ಎನ್ನಲು ಬಾಯಿ ತೆರೆದಳು, ತೆರೆದ ಬಾಯಿಂದ ಬೇರೆಯೇ ಮಾತು ಬಂತು.

"ಬೇಡ. ನಿಮ್ಮದು ಇರ್ಲಿ. ಅಟೆಂಡರಿಗೂ ಕಲಿಸಿಬಿಡಿ. ನನ್ನದನ್ನ ನಾನೇ ತೆಗಿಸ್ತೀನಿ."

ಆ ಕಡೆ ಹೂಂ ಇಲ್ಲ, ಉಹೂಂ ಇಲ್ಲ. ಪರದೆಯ ಮೇಲೆ ಬಾಣ, ಒಪ್ಪಿ ತಲೆಯಾಡಿಸಿದ ಹಾಗೆ, ಮೇಲೊಮ್ಮೆ ಕೆಳಗೊಮ್ಮೆ ಅಲ್ಲಾಡಿತು.

ಅಂಗಡಿಗೆ ಹೊರಟು ನಿಂತಿದ್ದ ಗಂಡನನ್ನು ಕೂರಿಸಿ ವಿಷಯ ಹೇಳಿದಳು. ಅವನು ಮೊದಲು ಅವಳನ್ನೇ ನೋಡಿದ. "ಇಷ್ಟು ದಿನ ಒಬ್ಬಳೇ ಹೆದರ್ಕೊಂಡು ಕೂತಿದ್ಯಾ?" ಎಂದ. ಆಮೇಲೆ ಕೀಗಳನ್ನು ಮೊದಲಿನಂತೆ ಮಾಡುತ್ತ, ತನ್ನ ಭಾನುವಾರ ನೀರಲ್ಲಿ ಹೋಯಿತೆಂದು ಗೊಣಗಿದ. ಕೆಂಪು ಚುಕ್ಕೆ ಅಳಿಸಲು ಮಾತ್ರ ಅವಳು ಬಿಡಲಿಲ್ಲ.

ಗಂಡ ಹೋದ ಮೇಲೆ ಬಾಚಣಿಗೆಯಿಂದ ತಲೆ ಬಾಚಿಕೊಂಡಳು, ಚಮಚದಿಂದ ಚಹಾಕ್ಕೆ ಸಕ್ಕರೆ ಕಲಕಿದಳು. ಕಿಟಕಿಯ ಬಳಿ ಕುಳಿತಳು. ಮನೆಯ ಕಂಪ್ಯೂಟರಿನಲ್ಲಿ ಈಗ ಆ ಕೀ ಬರೀ ಆಲ್ಟ್, ಇಲ್ಲಿ ಅವಳ ಕೈ ಎಡವುವ ಕೈಯೇ. ದೂರದ ಕೋಣೆಯಲ್ಲಿ ಹಾಗಲ್ಲ. ಅಲ್ಲಿ ಒಬ್ಬರು ಬೆಳಿಗ್ಗೆಯೇ ಬಂದು ಅವಳ ಕೈಗೆ ಹೊಂದುವಂತೆ ಎಲ್ಲವನ್ನೂ ಸರಿಸಿಟ್ಟು ಹೋಗಿದ್ದಾರೆ. ಅವಳು ಹೆಬ್ಬೆರಳನ್ನು ಚುಕ್ಕೆಯ ಮೇಲೆ ಅದುಮಿ ಹಿಡಿದಳು. ಒಳ್ಳೆಯ ಪೈಪೊಂದರ ಪ್ರತಿ ತೆಗೆದು, ಮೇಸ್ತ್ರಿ ಹೇಳಿದ ಬೀದಿಯಲ್ಲಿ, ಕಡಿದ ಜಾಗಕ್ಕೆ ಮೆಲ್ಲಗೆ ಎಳೆದು ಕೂರಿಸಿದಳು. ಬಟ್ಟೆ ಒಗೆಯುವವರ ಬೀದಿಗೆ ನೀರು ಬಂತು.